ಸೀಟಿನ ಕಲೆಗೆ ಬಕೆಟ್ ನೀರು ಬೇಡ

ಆಯುಧಪೂಜೆ ಮುಗಿದ ಮರುವಾರ ಕಾರು ತೊಳೆಯುವ ಅಂಗಡಿಗಳ ಮುಂದೆ ಸಾಲು ಬೆಳೆಯುತ್ತದೆ. ಬಾನೆಟ್ಟಿಗೆ ಬಳಿದ ಅರಿಶಿನ ಕುಂಕುಮ ಪೈಪು ಹಿಡಿದರೆ ಇಳಿದುಹೋಗುತ್ತದೆ. ಸ್ಟೀರಿಂಗಿಗೆ ಹಚ್ಚುವಾಗ ಸೀಟಿನ ಮೇಲೆ ಉದುರಿದ್ದು ಮಾತ್ರ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಅದರ ಜೊತೆಗೆ ವರ್ಷವಿಡೀ ಸೇರಿಕೊಂಡ ಬಾಬತ್ತುಗಳೂ ಇರುತ್ತವೆ: ಹೆದ್ದಾರಿ ಹೋಟೆಲಿನ ಪಾರ್ಸಲ್ ಕಾಫಿ, ಕಟ್ಟು ಬಿಚ್ಚಿಕೊಂಡ ಸಾಂಬಾರಿನ ಪೊಟ್ಟಣ, ಮಗು ಕಕ್ಕಿದ ಹಾಲು, ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಹಿಂದಿನ ಸೀಟಿನವರು ತಡೆಯಲಾರದೆ ಮಾಡಿಕೊಂಡ ವಾಂತಿ, ತಲೆ ಒರಗುವಲ್ಲಿ ಕೊಬ್ಬರಿ ಎಣ್ಣೆಯ ಕಪ್ಪು ಜಿಡ್ಡು. ಇದನ್ನೆಲ್ಲ ಶುಚಿ ಮಾಡಿಕೊಡಲು ಬೆಂಗಳೂರಿನಂಥ ಊರಲ್ಲಿ ಸಾವಿರ ರೂಪಾಯಿಯ ಮೇಲೆಯೇ ಕೇಳುತ್ತಾರೆ. ಕೊಡಲು ಮನಸ್ಸಿಲ್ಲದವರು ಭಾನುವಾರ ಬೆಳಿಗ್ಗೆ ಬಕೆಟ್ಟು, ಸೋಪಿನ ಪುಡಿ, ಬಟ್ಟೆ ಉಜ್ಜುವ ಬ್ರಷ್ಷು ಹಿಡಿದು ಹೊರಡುತ್ತಾರೆ. ಕೆಲಸ ಕೆಡುವುದು ಆ ಬಕೆಟ್ಟಿನಿಂದಲೇ.

ಸೀಟಿನ ಒಳಗೆ ಏನಿದೆ ಎಂದು ಗೊತ್ತಿದ್ದರೆ ಬಕೆಟ್ಟಿನ ಗೋಜಿಗೆ ಯಾರೂ ಹೋಗುವುದಿಲ್ಲ. ಮೇಲಿನ ಬಟ್ಟೆ ಬಹುತೇಕ ಕಾರುಗಳಲ್ಲಿ ಪಾಲಿಯೆಸ್ಟರ್. ಅದರ ಬೆನ್ನಿಗೆ ತೆಳುವಾದ ಸ್ಪಂಜಿನ ಪದರ ಅಂಟಿರುತ್ತದೆ. ಅದರಡಿ ಪಾಲಿಯುರೆಥೇನ್ ಸ್ಪಂಜಿನ ದಪ್ಪ ಮೆತ್ತೆ. ಪಾಲಿಯೆಸ್ಟರಿನ ಎಳೆ ನೀರನ್ನು ಹೆಚ್ಚು ಕುಡಿಯುವುದಿಲ್ಲ, ಆದರೆ ತನ್ನ ಮೂಲಕ ಕೆಳಗೆ ಬಿಟ್ಟುಕೊಡುತ್ತದೆ. ಸ್ಪಂಜು ಕುಡಿಯುತ್ತದೆ, ಕುಡಿದದ್ದನ್ನು ಬೇಗ ಬಿಡುವುದಿಲ್ಲ. ಸಂಜೆ ಮುಟ್ಟಿ ನೋಡಿದರೆ ಬಟ್ಟೆ ಒಣಗಿರುತ್ತದೆ, ಎರಡು ಬೆರಳಿನಷ್ಟು ಕೆಳಗೆ ಒದ್ದೆ ಹಾಗೆಯೇ ಇರುತ್ತದೆ. ಹಿಂಡಲು ಬರುವುದಿಲ್ಲ, ತಂತಿಯ ಮೇಲೆ ಹರವಲು ಬರುವುದಿಲ್ಲ. ಹಾಗಾಗಿ ಇಲ್ಲಿ ಬಟ್ಟೆ ಒಗೆಯುವ ಬುದ್ಧಿ ಕೆಲಸಕ್ಕೆ ಬಾರದು. ಮಗು ಹಾಸಿಗೆಯಲ್ಲಿ ಉಚ್ಚೆ ಹೊಯ್ದಾಗ ತಾಯಂದಿರು ತೋರಿಸುವ ಬುದ್ಧಿ ಬೇಕು. ಒತ್ತಿ ಹೀರಿಸು, ಒಂದಿಷ್ಟೇ ನೀರು ಸವರು, ಮತ್ತೆ ಒತ್ತಿ ಹೀರಿಸು, ಗಾಳಿಗೆ ಬಿಡು.

ಒದ್ದೆ ಒಂದೆರಡು ದಿನ ಉಳಿದರೆ ಸಾಕು, ಬೂಷ್ಟು ಬೇರೂರಲು ಶುರುಮಾಡುತ್ತದೆ. ಆಮೇಲೆ ಬರುವ ಮುಗ್ಗಲು ವಾಸನೆಯ ಎದುರು ಮೊದಲಿದ್ದ ಕಾಫಿ ಕಲೆಯೇ ಎಷ್ಟೋ ವಾಸಿ. ಅದಕ್ಕೇ ಕರಾವಳಿ, ಮಲೆನಾಡಿನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೂರ್ತಿ ಸೀಟು ತೊಳೆಯುವ ಯೋಚನೆಯನ್ನೇ ಬಿಡಬೇಕು. ಆ ನಾಲ್ಕು ತಿಂಗಳು ಮನೆಯೊಳಗಿನ ಟವೆಲ್ಲೇ ಒಣಗುವುದಿಲ್ಲ, ಗಾಜು ಏರಿಸಿಟ್ಟ ಕಾರಿನ ಸ್ಪಂಜು ಒಣಗುವುದುಂಟೇ? ಆಗ ಹೊಸದಾಗಿ ಬಿದ್ದ ಕಲೆಯನ್ನಷ್ಟೇ ಒರೆಸಿಕೊಳ್ಳಿ. ದೊಡ್ಡ ಕೆಲಸವನ್ನು ಫೆಬ್ರವರಿ, ಮಾರ್ಚಿನ ಒಣ ಬಿಸಿಲಿಗೆ ಇಟ್ಟುಕೊಳ್ಳಿ. ಬಯಲುಸೀಮೆಯವರಿಗೆ ಈ ಕಟ್ಟುಪಾಡು ಇಲ್ಲ, ಮೋಡ ನೋಡಿಕೊಂಡರೆ ಸಾಕು.

ನೀರು ಕಡಿಮೆ ಮಾಡಲು ಇನ್ನೊಂದು ಕಾರಣ ಸೀಟಿನ ಅಡಿಯಲ್ಲಿದೆ. ಮುಂದಿನ ಸೀಟುಗಳ ಕೆಳಗೆ ಬಗ್ಗಿ ನೋಡಿದರೆ ವೈರುಗಳ ಗಂಟು ಕಾಣುತ್ತದೆ. ಬೆಲ್ಟ್ ಹಾಕಿಲ್ಲ ಎಂದು ಕಿರುಗುಟ್ಟುವ ವ್ಯವಸ್ಥೆಗೆ ಸೀಟಿನಲ್ಲಿ ಯಾರೋ ಕೂತಿದ್ದಾರೆ ಎಂದು ತಿಳಿಸುವ ಸೆನ್ಸರ್ ಆ ಮೆತ್ತೆಯಲ್ಲೇ ಇರುತ್ತದೆ. ಪಕ್ಕದ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಆ ಚೀಲವನ್ನು ಹೆಚ್ಚಾಗಿ ಸೀಟಿನ ಬೆನ್ನಿನ ಬಾಗಿಲ ಕಡೆಯ ಅಂಚಿನಲ್ಲೇ ಮಡಚಿಟ್ಟಿರುತ್ತಾರೆ. ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು ಎಂದು ತಿಳಿದು ಕೈಹಾಕಬೇಡಿ. ಸೀಟು ಬಿಚ್ಚಿ ಅಂಗಳಕ್ಕೆ ತಂದು ಪೈಪು ಹಿಡಿಯುವ ಸಾಹಸ ವಿಡಿಯೊಗಳಲ್ಲಿ ಚೆನ್ನಾಗಿ ಕಾಣುತ್ತದೆ. ಮಾಡಿದವರ ಡ್ಯಾಶ್‌ಬೋರ್ಡಿನಲ್ಲಿ ಆಮೇಲೆ ಉರಿಯತೊಡಗುವ ಕೆಂಪು ದೀಪವನ್ನು ಯಾರೂ ತೋರಿಸುವುದಿಲ್ಲ.

ಹಾಗಾದರೆ ಕೆಲಸ ಶುರುವಾಗುವುದು ನೀರಿಲ್ಲದೆ. ಮನೆಯ ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಸರಿ, ಇಲ್ಲದಿದ್ದರೆ ಮೃದುವಾದ ಒಣ ಬ್ರಷ್ಷೇ ಸಾಕು. ಹೊಲಿಗೆಯ ಸಂದು, ಸೀಟು ಮತ್ತು ಬೆನ್ನು ಕೂಡುವ ಬಿರುಕು, ಎಲ್ಲ ಕಡೆಯ ಧೂಳನ್ನೂ ಮೊದಲು ತೆಗೆಯಿರಿ. ಧೂಳಿನ ಮೇಲೆ ನೀರು ಬಿದ್ದರೆ ಅದು ಕೆಸರು. ಕೆಮ್ಮಣ್ಣಿನ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಕೆಂಪು ಎಂದರೆ ಕಬ್ಬಿಣದ ಆಕ್ಸೈಡ್. ಸೋಪಿನಲ್ಲಿ ಕರಗುವುದಿಲ್ಲ, ಬ್ಲೀಚಿಗೂ ಜಗ್ಗುವುದಿಲ್ಲ. ಪೂರ್ತಿ ಒಣಗಲು ಬಿಟ್ಟು, ಕೊಡವಿ, ಹೀರಿ ತೆಗೆದರೆ ಮುಕ್ಕಾಲು ಭಾಗ ಹೋಗುತ್ತದೆ. ಕುಂಕುಮದ್ದೂ ಇದೇ ಕಥೆ. ಅಂಗಡಿಯ ಕುಂಕುಮದಲ್ಲಿ ಬಹಳಷ್ಟು ಕೃತಕ ಬಣ್ಣದ್ದು, ಒದ್ದೆ ಬಟ್ಟೆ ತಾಗಿದ ಕೂಡಲೇ ಎಳೆಗೆ ಇಳಿಯುತ್ತದೆ. ಪುಡಿ ಪುಡಿಯಾಗಿ ಇರುವಾಗಲೇ ಊದಿ, ಕೊಡವಿ, ಹೀರಿ ತೆಗೆಯಬೇಕು. ಬೆರಳಿನಿಂದ ಸವರಲೂ ಬಾರದು.

ಇನ್ನು ಸಾಮಗ್ರಿ. ಉಣ್ಣೆ, ರೇಷ್ಮೆಗೆ ಬಳಸುವ ದ್ರವ ಸೋಪು ಅಥವಾ ತಲೆಗೆ ಹಾಕುವ ಸಾದಾ ಶಾಂಪೂ ಒಂದು ಟೀ ಚಮಚ, ಅರ್ಧ ಲೀಟರ್ ಉಗುರುಬೆಚ್ಚಗಿನ ನೀರು. ಇಷ್ಟೇ. ಬಟ್ಟೆ ಸೋಪಿನ ಪುಡಿ ಬೇಡ. ಅದರಲ್ಲಿ ವಾಷಿಂಗ್ ಸೋಡದ ಅಂಶ ಇರುತ್ತದೆ, ಸೀಟಿನಿಂದ ಪೂರ್ತಿ ತೊಳೆದು ತೆಗೆಯಲು ಆಗುವುದಿಲ್ಲ, ಉಳಿದ ಅಂಟು ಹೊಸ ಧೂಳನ್ನು ಹಿಡಿಯುತ್ತದೆ. ಒಂದು ಹಳೆಯ ಟೂತ್ ಬ್ರಷ್. ತೆಂಗಿನ ನಾರು, ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ತಾಗಿಸಿದರೆ ಬಟ್ಟೆಯ ಮೇಲೆ ಜುಂಗೇಳುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಹಳೆಯ ಬಿಳಿ ಪಂಚೆ. ನೂರಾರು ಸಲ ಒಗೆದು ಮೆತ್ತಗಾದ ಹತ್ತಿ ಬಟ್ಟೆಯಷ್ಟು ಚೆನ್ನಾಗಿ ನೀರು ಹೀರುವ ವಸ್ತು ದುಡ್ಡು ಕೊಟ್ಟರೂ ಸಿಗುವುದು ಕಷ್ಟ. ಬಿಳಿಯದೇ ಯಾಕೆಂದರೆ, ಬಣ್ಣದ ಲುಂಗಿ ತಾನೇ ಬಣ್ಣ ಬಿಟ್ಟು ಹೊಸ ಕಲೆ ಮಾಡೀತು. ಕಲೆ ಎಷ್ಟು ಎದ್ದು ಬಂತು ಎಂದೂ ಬಿಳಿಯದರಲ್ಲೇ ಕಾಣುವುದು.

ನೀರಿನ ಗುಣವೂ ಲೆಕ್ಕಕ್ಕೆ ಬರುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಒಣಗಿದ ಮೇಲೆ ಕಪ್ಪು ಸೀಟಿನಲ್ಲಿ ಬಿಳಿ ಗೆರೆ ಬಿಡುತ್ತದೆ. ಮನೆಯ ಫಿಲ್ಟರಿನ ಕುಡಿಯುವ ನೀರು, ಹಿಡಿದಿಟ್ಟ ಮಳೆನೀರು, ಅದೂ ಇಲ್ಲದಿದ್ದರೆ ಯುಪಿಎಸ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನ ಹೊಸ ಕ್ಯಾನು ನಡೆಯುತ್ತದೆ. ಬೇಕಾಗುವುದು ಒಂದೆರಡು ಲೀಟರು ಮಾತ್ರ. ಆರ್‌ಓ ಫಿಲ್ಟರ್ ಹೊರಹಾಕುವ ನೀರನ್ನು ಉಳಿತಾಯವೆಂದು ಇದಕ್ಕೆ ಬಳಸಬೇಡಿ. ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಸೇರಿಕೊಂಡು ಅದು ಮೂಲ ನೀರಿಗಿಂತ ಗಡಸಾಗಿರುತ್ತದೆ.

ಮಾಡುವ ಕ್ರಮ ಹೀಗೆ. ಮೊದಲು ಸೀಟಿನ ಹಿಂಬದಿಯಲ್ಲೋ ಅಡಿಯಲ್ಲೋ ಕಾಣದ ಜಾಗದಲ್ಲಿ ಒಂದು ಹನಿ ಹಚ್ಚಿ, ಬಣ್ಣ ಬಿಡುತ್ತದೆಯೇ ನೋಡಿ. ಸೋಪಿನ ನೀರನ್ನು ಪಾತ್ರೆಯಲ್ಲಿ ಕಡೆದು ನೊರೆ ಎಬ್ಬಿಸಿ. ನೀರನ್ನು ಅಲ್ಲೇ ಬಿಟ್ಟು ನೊರೆಯನ್ನಷ್ಟೇ ಬ್ರಷ್ಷಿನಲ್ಲಿ ಎತ್ತಿ ಹಚ್ಚಿ. ಕಲೆಯ ಹೊರ ಅಂಚಿನಿಂದ ನಡುವಿಗೆ ಬನ್ನಿ, ನಡುವಿನಿಂದ ಹೊರಕ್ಕೆ ಹೋದರೆ ಕಲೆ ಅಗಲವಾಗುತ್ತದೆ. ಐದು ನಿಮಿಷ ಬಿಟ್ಟು ಪಂಚೆಯ ಒಣ ಮಡಿಕೆಯನ್ನು ಇಟ್ಟು ಅಂಗೈ ಊರಿ ಒತ್ತಿ. ಉಜ್ಜಬೇಡಿ. ಬಳಿಕ ಬರೀ ನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಿಂದ ಸೋಪು ಒರೆಸಿ, ಮತ್ತೆ ಒಣ ಮಡಿಕೆ ಒತ್ತಿ. ಬಟ್ಟೆಗೆ ಬಣ್ಣ ಅಂಟುವುದು ನಿಲ್ಲುವವರೆಗೆ ಇದೇ ಪುನರಾವರ್ತನೆ. ಒದ್ದೆ ಕಸವನ್ನೂ ಎಳೆಯುವ ವ್ಯಾಕ್ಯೂಮ್ ಪಕ್ಕದ ಮನೆಯಲ್ಲಿದ್ದರೆ ಕೇಳಿ ತನ್ನಿ, ಕೆಲಸ ಅರ್ಧಕ್ಕಿಳಿಯುತ್ತದೆ. ಮನೆಯ ಸಾಮಾನ್ಯ ವ್ಯಾಕ್ಯೂಮಿಗೆ ಮಾತ್ರ ನೀರು ಕುಡಿಸಬೇಡಿ.

ಕಲೆ ಹೋಯಿತು, ಆದರೆ ಅದರ ಸುತ್ತ ಹೊಸದೊಂದು ಉಂಗುರ ಮೂಡಿತು ಎಂಬ ದೂರು ಸಾಮಾನ್ಯ. ಚೆಲ್ಲಿದ ಕಾಫಿ ಒಣಗಿದಾಗ ಅಂಚಿನಲ್ಲೇ ಕಡುಬಣ್ಣ ಕಟ್ಟುವುದೇಕೆ ಎಂದು ಷಿಕಾಗೊ ವಿಶ್ವವಿದ್ಯಾಲಯದ ವಿಜ್ಞಾನಿಗಳು 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದ್ದರು. ಹನಿಯ ಅಂಚು ಬೇಗ ಆರುತ್ತದೆ, ಆರಿದ ಜಾಗ ತುಂಬಲು ನಡುವಿನ ನೀರು ಅಂಚಿಗೆ ಹರಿಯುತ್ತದೆ, ಹರಿಯುವಾಗ ತನ್ನೊಳಗಿನ ಕಣಗಳನ್ನೂ ಹೊತ್ತೊಯ್ಯುತ್ತದೆ. ಅವರು ನೋಡಿದ್ದು ಗಟ್ಟಿ ಮೇಲ್ಮೈಯ ಮೇಲಿನ ಹನಿಯನ್ನು. ಬಟ್ಟೆಯಲ್ಲೂ ಒದ್ದೆ ಹರಡಿ ನಿಂತ ಗಡಿಯಲ್ಲೇ ಕೊಳೆ ಬಂದು ಕೂರುತ್ತದೆ. ಪರಿಹಾರ ಸರಳ: ಕಲೆಯಷ್ಟನ್ನೇ ಒದ್ದೆ ಮಾಡಿ ಬಿಡಬೇಡಿ, ಆ ತುಂಡನ್ನು ಹೊಲಿಗೆಯಿಂದ ಹೊಲಿಗೆಯವರೆಗೆ ಒಂದೇ ಸಮನೆ ತೆಳುವಾಗಿ ಒರೆಸಿ. ಆಗ ಅಂಚು ಹೊಲಿಗೆಯಲ್ಲೇ ಮುಗಿದುಹೋಗುತ್ತದೆ. ಒಣಗಿದ ಮೇಲೆ ಹಳೆಯ ಕಲೆಯೇ ಮಂಕಾಗಿ ಮರಳಿದರೆ ಅದು ಸ್ಪಂಜಿನಿಂದ ಮೇಲೇರಿದ್ದು. ಇನ್ನೊಮ್ಮೆ ತೆಳುವಾಗಿ ಒರೆಸಿ, ಪಂಚೆಯ ದಪ್ಪ ಮಡಿಕೆ ಇಟ್ಟು ಮೇಲೊಂದು ಗುಂಡುಕಲ್ಲು ಹೇರಿ ರಾತ್ರಿ ಬಿಡಿ. ಏಳುವ ಕೊಳೆಯನ್ನು ಪಂಚೆ ತೆಗೆದುಕೊಳ್ಳುತ್ತದೆ.

ಎಲ್ಲ ಕಲೆಗೂ ಒಂದೇ ಮದ್ದು ಎನ್ನುವವರು ಅರಿಶಿನದ ಹತ್ತಿರ ಬಂದು ಸೋಲುತ್ತಾರೆ. ಸಾಂಬಾರು, ಪಲ್ಯ, ಪುಳಿಯೋಗರೆ ಯಾವುದೇ ಬೀಳಲಿ, ಉಳಿಯುವುದು ಅರಿಶಿನದ ಹಳದಿ. ಅದರ ಮೇಲೆ ಸೋಪು ಹಚ್ಚಿದರೆ ಹಳದಿ ಹೋಗಿ ರಕ್ತದಂಥ ಕೆಂಪು ಏಳುತ್ತದೆ, ಹಚ್ಚಿದವರು ಗಾಬರಿ ಬೀಳುತ್ತಾರೆ. ಗಾಬರಿ ಬೇಡ. ಆರತಿ ತಟ್ಟೆಯಲ್ಲಿ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಓಕುಳಿ ಆಗುವುದೂ ಇದೇ ಲೆಕ್ಕ. ಅರಿಶಿನದ ಬಣ್ಣ ಕೊಡುವ ಕರ್ಕ್ಯುಮಿನ್ ಕ್ಷಾರ ತಾಗಿದರೆ ಕೆಂಪಾಗುತ್ತದೆ, ಆಮ್ಲ ತಾಗಿದರೆ ಹಳದಿಗೆ ಮರಳುತ್ತದೆ. ಆದ್ದರಿಂದ ಅರಿಶಿನದ ಕಲೆಗೆ ಬಾರ್ ಸೋಪು, ಅಡುಗೆ ಸೋಡ ಎರಡೂ ಬೇಡ. ಎಣ್ಣೆಯ ಜಿಡ್ಡು ಹೋಗಲು ಪಾತ್ರೆ ತೊಳೆಯುವ ಲಿಕ್ವಿಡ್ಡಿನ ನೊರೆ ಒಂದು ಸಲ. ಆಮೇಲೆ ಬಿಸಿಲು. ಕರ್ಕ್ಯುಮಿನ್ ಬಿಸಿಲಿಗೆ ತಡೆಯುವುದಿಲ್ಲ, ತಾನಾಗಿ ಮಾಸುತ್ತದೆ. ಗಾಜಿನ ಮೂಲಕ ಬರುವ ಬಿಸಿಲನ್ನು ನೆಚ್ಚಬೇಡಿ. ಮುಂದಿನ ಗಾಜು ನೇರಳಾತೀತ ಕಿರಣವನ್ನು ಬಹುಪಾಲು ತಡೆದುಬಿಡುತ್ತದೆ. ಬಾಗಿಲು ತೆರೆದು ನೇರ ಬಿಸಿಲು ಆ ಜಾಗಕ್ಕೇ ಬೀಳುವಂತೆ ಕಾರು ನಿಲ್ಲಿಸಿ. ಒಂದೆರಡು ಮಧ್ಯಾಹ್ನದಲ್ಲಿ ಹಳದಿ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಖರ್ಚು ಸೊನ್ನೆ. ತಿಕ್ಕಿ ತಿಕ್ಕಿ ಬಟ್ಟೆ ಹಾಳುಮಾಡಿಕೊಂಡವರಿಗೆ ಈ ಸುದ್ದಿ ತಿಳಿಯುವುದು ಸಾಮಾನ್ಯವಾಗಿ ತಡವಾಗಿ.

ಹಾಲು, ಮೊಸರು, ಮೊಟ್ಟೆ, ರಕ್ತ, ವಾಂತಿ ಇವೆಲ್ಲ ಪ್ರೋಟೀನಿನ ಬಳಗ. ಬಿಸಿನೀರು ಹಾಕಿದರೆ ಪ್ರೋಟೀನು ಗಟ್ಟಿಯಾಗಿ ಎಳೆಗೆ ಕಚ್ಚಿಕೊಳ್ಳುತ್ತದೆ. ತಣ್ಣೀರೇ ಸರಿ. ಮೊದಲು ಗಟ್ಟಿ ಭಾಗವನ್ನು ಚಮಚದಲ್ಲೋ ಹಳೆಯ ಕಾರ್ಡಿನಲ್ಲೋ ಕೆರೆದು ತೆಗೆಯಿರಿ, ಒಳಕ್ಕೆ ಒತ್ತಬೇಡಿ. ಇಲ್ಲಿ ಕಲೆಗಿಂತ ವಾಸನೆಯ ಕಾಟ ಹೆಚ್ಚು. ಹಳಸಿದ ಹಾಲಿನಲ್ಲೂ ವಾಂತಿಯಲ್ಲೂ ಇರುವ ಬ್ಯುಟಿರಿಕ್ ಆಮ್ಲ ಆವಿಯಾಗಿ ಮೂಗಿಗೆ ಬಡಿಯುತ್ತಲೇ ಇರುತ್ತದೆ. ಇದಕ್ಕೆ ಅಡುಗೆ ಸೋಡ ನಿಜಕ್ಕೂ ಕೆಲಸಮಾಡುತ್ತದೆ. ಆಮ್ಲವನ್ನು ಆವಿಯಾಗದ ಉಪ್ಪಾಗಿ ಬದಲಾಯಿಸುತ್ತದೆ. ಒರೆಸಿದ ಮೇಲೆ ಇನ್ನೂ ಸ್ವಲ್ಪ ಹಸಿ ಇರುವಾಗ ದಪ್ಪಗೆ ಉದುರಿಸಿ ರಾತ್ರಿ ಬಿಟ್ಟು, ಒಣಗಿದ ಮೇಲೆ ಹೀರಿ ತೆಗೆಯಿರಿ. ಸುಗಂಧದ ಸ್ಪ್ರೇ ಹೊಡೆಯುವುದು ಬೇಡ. ಮಲ್ಲಿಗೆ ಬೆರೆತ ವಾಂತಿಯ ವಾಸನೆ ಬರೀ ವಾಂತಿಯದಕ್ಕಿಂತ ಕಷ್ಟ. ಹಳೆಯದಾಗಿ ಗಟ್ಟಿಯಾದ ಹಾಲಿನ ಕಲೆಗೆ ಎಂಜೈಮ್ ಇದೆ ಎಂದು ಲೇಬಲ್ಲಿನಲ್ಲಿ ಬರೆದಿರುವ ದ್ರವ ಡಿಟರ್ಜೆಂಟನ್ನು ನೀರಿಗೆ ಬೆರೆಸಿ ಹಚ್ಚಿ ಅರ್ಧ ಗಂಟೆ ಬಿಡಿ. ಎಂಜೈಮಿಗೆ ಕೆಲಸಕ್ಕೆ ಸಮಯ ಬೇಕು, ಹಚ್ಚಿದ ಕೂಡಲೇ ಒರೆಸಿದರೆ ವ್ಯರ್ಥ.

ನಮ್ಮ ಫಿಲ್ಟರ್ ಕಾಫಿಯಲ್ಲಿ ಎರಡು ಕಲೆ ಒಟ್ಟಿಗೆ ಇರುತ್ತವೆ, ಹಾಲಿನದೊಂದು, ಡಿಕಾಕ್ಷನ್ನಿನದೊಂದು. ಮೊದಲು ತಣ್ಣೀರಿನ ನೊರೆಯಲ್ಲಿ ಹಾಲನ್ನು ತೆಗೆಯಿರಿ. ಉಳಿದ ಕಂದಿಗೆ ಒಂದು ಪಾಲು ಅಡುಗೆ ವಿನೆಗರ್, ಎರಡು ಪಾಲು ನೀರು. ಚಹಾಕ್ಕೂ ಅದೇ. ಹಳೆಯ ಕಾಫಿ ಹಟ ಹಿಡಿದರೆ ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್ ಇದೆ. ಬಾಟಲಿಯ ಮೇಲೆ 20 ವಾಲ್ಯೂಮ್ ಎಂದಿದ್ದರೆ ಅದು ಸುಮಾರು ಶೇ 6ರದ್ದು, ಸಮಪಾಲು ನೀರು ಬೆರೆಸಿ, ಕೈಗವಸು ಹಾಕಿ, ಮರೆಯ ಜಾಗದಲ್ಲಿ ಪರೀಕ್ಷಿಸಿಯೇ ಬಳಸಿ. ಕಡು ಬಣ್ಣದ ಸೀಟಿಗೆ ನಾನಂತೂ ಅದನ್ನು ಹೇಳುವುದಿಲ್ಲ.

ಕೊಬ್ಬರಿ ಎಣ್ಣೆ 25 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಕರಗುತ್ತದೆ. ಆದ್ದರಿಂದ ಹೆಡ್‌ರೆಸ್ಟಿನ ಜಿಡ್ಡನ್ನು ಚಳಿಗಾಲದ ಬೆಳಿಗ್ಗೆ ತಿಕ್ಕುವ ಬದಲು ಕಾರು ಬಿಸಿಲಲ್ಲಿ ಕಾದ ಮೇಲೆ ಹಿಡಿಯಿರಿ. ಜೋಳದ ಹಿಟ್ಟೋ ಟಾಲ್ಕಂ ಪುಡಿಯೋ ಉದುರಿಸಿ ಒಂದು ಗಂಟೆ ಬಿಟ್ಟು ಕೊಡವಿ, ಬಳಿಕ ಪಾತ್ರೆ ಲಿಕ್ವಿಡ್ಡಿನ ನೊರೆ. ಬಾಲ್ ಪೆನ್ನಿನ ಇಂಕಿಗೆ ಕೋವಿಡ್ ಕಾಲದಿಂದ ಮನೆಯಲ್ಲಿ ಬಿದ್ದಿರುವ ಸ್ಯಾನಿಟೈಸರ್ ಹತ್ತಿಯಲ್ಲಿ ಅದ್ದಿ ಒತ್ತಿ. ಎಲೆ ಅಡಿಕೆಯ ಕಲೆಗೆ ಮಾತ್ರ ಆಸೆ ಇಟ್ಟುಕೊಳ್ಳಬೇಡಿ. ಅಡಿಕೆ ಬೇಯಿಸಿದ ಚೊಗರನ್ನು ಬಟ್ಟೆಗೆ ಬಣ್ಣ ಹಾಕಲೆಂದೇ ಬಳಸುತ್ತಾರೆ. ಬಣ್ಣ ಹಾಕುವ ವಸ್ತುವನ್ನೇ ಸುಣ್ಣ ಸೇರಿಸಿ ಸೀಟಿಗೆ ಉಗುಳಿಕೊಂಡ ಮೇಲೆ ಸೋಪಿನ ಮೇಲೆ ಸಿಟ್ಟಾಗಿ ಫಲವಿಲ್ಲ.

ಮೊಬೈಲಿನಲ್ಲಿ ಹರಿದಾಡುವ ಒಂದು ಮದ್ದಿನ ಬಗ್ಗೆ ಹೇಳಲೇಬೇಕು. ವಿನೆಗರ್ ಮತ್ತು ಅಡುಗೆ ಸೋಡ ಕಲಸಿ ಬುರುಬುರು ನೊರೆ ಎಬ್ಬಿಸುವುದು. ನೋಡಲು ಚೆಂದ. ಆದರೆ ಆಮ್ಲವೂ ಕ್ಷಾರವೂ ಒಂದನ್ನೊಂದು ತಿಂದು ಮುಗಿಸಿದ ಮೇಲೆ ಉಳಿಯುವುದು ಉಪ್ಪು ಬೆರೆತ ನೀರು, ಗಾಳಿಗೆ ಹೋದ ಇಂಗಾಲದ ಡೈಆಕ್ಸೈಡ್. ಬೇರೆ ಬೇರೆಯಾಗಿ ಎರಡಕ್ಕೂ ಕೆಲಸವಿದೆ, ಒಟ್ಟಿಗೆ ಇಲ್ಲ. ಬ್ಲೀಚಿಂಗ್ ದ್ರವ ಸೀಟಿಗೂ ಬೇಡ, ಬೆಲ್ಟಿಗಂತೂ ಬೇಡವೇ ಬೇಡ. ಬೆಲ್ಟಿನ ಎಳೆ ಸಡಿಲವಾದರೆ ಅಪಘಾತದ ದಿನವೇ ತಿಳಿಯುವುದು. ಬ್ಲೀಚಿಗೆ ವಿನೆಗರ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಕಾರಿನೊಳಗೆ ಅದು ತಮಾಷೆಯಲ್ಲ. ಪೆಟ್ರೋಲ್, ಥಿನ್ನರ್ ಹಚ್ಚಿ ಎಂದು ಹೇಳುವ ಗ್ಯಾರೇಜಿನ ಹುಡುಗರಿದ್ದಾರೆ. ಬೆಂಕಿಯ ಭಯ ಒಂದು ಕಡೆ, ಬಟ್ಟೆಗೂ ಸ್ಪಂಜಿಗೂ ನಡುವಿನ ಅಂಟು ಬಿಟ್ಟು ಸೀಟು ಉಬ್ಬುವುದು ಇನ್ನೊಂದು ಕಡೆ.

ಒಣಗಿಸುವುದೇ ಅರ್ಧ ಕೆಲಸ, ಜನ ಅವಸರ ಮಾಡುವುದೂ ಅಲ್ಲೇ. ಬೆಳಿಗ್ಗೆ ಬೇಗ ಶುರುಮಾಡಿ ಹತ್ತು ಗಂಟೆಯೊಳಗೆ ತೇವದ ಕೆಲಸ ಮುಗಿಸಿದರೆ ಇಡೀ ದಿನದ ಬಿಸಿಲು ಸಿಗುತ್ತದೆ. ನಾಲ್ಕೂ ಬಾಗಿಲು ತೆರೆದಿಡಿ, ಆದರೆ ಒಳದೀಪ ಆರಿಸಿ. ಇಲ್ಲದಿದ್ದರೆ ಸಂಜೆ ಬ್ಯಾಟರಿ ಕೈಕೊಡುತ್ತದೆ. ಮನೆಯ ಟೇಬಲ್ ಫ್ಯಾನನ್ನು ಸೀಟಿಗೆ ಎದುರಾಗಿ ಇಡಿ. ಗಾಜು ಪೂರ್ತಿ ಏರಿಸಿ ಬಿಸಿಲಲ್ಲಿ ನಿಲ್ಲಿಸಿದರೆ ಒಳಗೆ ಬಿಸಿಯೇನೋ ಏರುತ್ತದೆ, ಎದ್ದ ಆವಿ ಹೊರಹೋಗಲು ದಾರಿಯಿಲ್ಲದೆ ಮತ್ತೆ ಸೀಟಿಗೇ ಇಳಿಯುತ್ತದೆ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವವರು ಅಲ್ಲಿ ಈ ಕೆಲಸಕ್ಕೆ ಇಳಿಯಲೇಬಾರದು. ಬೆಲ್ಟು ಒರೆಸಿದ್ದರೆ ಪೂರ್ತಿ ಎಳೆದು ಕ್ಲಿಪ್ಪು ಹಾಕಿ ಒಣಗಿದ ಮೇಲೆಯೇ ಒಳಗೆ ಬಿಡಿ. ದಿನದ ಕೊನೆಗೆ ಟಿಶ್ಯೂ ಕಾಗದವನ್ನು ಸೀಟಿನ ಮೇಲಿಟ್ಟು ಮೊಣಕಾಲೂರಿ ಒತ್ತಿ ನೋಡಿ. ಕಾಗದ ಒದ್ದೆಯಾದರೆ ನಾಳೆಯೂ ಬಾಗಿಲು ತೆರೆದಿರಬೇಕು.

ಇಷ್ಟೆಲ್ಲ ಯಾಕೆ, ರೆಕ್ಸಿನ್ ಕವರ್ ಹೊದಿಸಿದರಾಯಿತು ಎನ್ನುವವರಿಗೆ ಒಂದು ಮಾತು. ಕವರ್ ತಪ್ಪಲ್ಲ, ಆದರೆ ಒದ್ದೆ ಸೀಟಿನ ಮೇಲೆ ಹಾಕಿದರೆ ಬೂಷ್ಟಿಗೆ ಮನೆ ಕಟ್ಟಿಕೊಟ್ಟಂತೆ. ಪಕ್ಕದ ಏರ್‌ಬ್ಯಾಗ್ ಸೀಟಿನಲ್ಲಿದ್ದರೆ ಅದಕ್ಕೆಂದೇ ಹೊಲಿಗೆ ಬಿಚ್ಚಿಕೊಳ್ಳುವಂತೆ ಮಾಡಿದ ಕವರನ್ನೇ ಕೇಳಿ ಹಾಕಿಸಿ. ಸಾದಾ ಕವರು ಚೀಲ ಉಬ್ಬುವುದಕ್ಕೆ ಅಡ್ಡ ಬರಬಹುದು. ದುಬಾರಿ ಕಾರು ಕೊಂಡವರೂ ಇದನ್ನು ವಿಚಾರಿಸದೆ ಅಗ್ಗದ ಕವರು ಹಾಕಿಸಿಕೊಂಡು ಬರುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಒಂದೇ ಒಂದು ಸಂದರ್ಭದಲ್ಲಿ ಮೇಲೆ ಹೇಳಿದ ಯಾವುದನ್ನೂ ಮಾಡಬೇಡಿ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಆದಂತೆ ಮಳೆನೀರು ನೆಲಮಾಳಿಗೆಗೆ ನುಗ್ಗಿ ಕಾರಿನ ಸೀಟಿನವರೆಗೆ ಏರಿದ್ದರೆ ಪಂಚೆ, ಶಾಂಪೂ ಒಳಗಿಡಿ. ಆ ನೀರಿನಲ್ಲಿ ಚರಂಡಿಯೂ ಸೇರಿರುತ್ತದೆ, ಸ್ಪಂಜಿನ ಆಳಕ್ಕೆ ಇಳಿದದ್ದನ್ನು ಮನೆಯಲ್ಲಿ ತೆಗೆಯಲು ಆಗುವುದಿಲ್ಲ, ಅಡಿಯ ಸೆನ್ಸರುಗಳನ್ನೂ ನಂಬುವಂತಿಲ್ಲ. ಎಂಜಿನ್ ಶುರು ಮಾಡದೆ, ಏನನ್ನೂ ಒರೆಸದೆ, ನೀರು ಎಲ್ಲಿಯವರೆಗೆ ಬಂದಿತ್ತು ಎಂಬ ಗುರುತಿನ ಫೋಟೊ ತೆಗೆದು ವಿಮೆ ಕಂಪನಿಗೆ ತಿಳಿಸಿ. ಸಮಗ್ರ ಪಾಲಿಸಿ ಇದ್ದರೆ ಪ್ರವಾಹದ ಹಾನಿಗೆ ಪರಿಹಾರ ಕೇಳಬಹುದು. ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ಸೀಟಿನ ಖರ್ಚು ಪೂರ್ತಿ ನಿಮ್ಮದೇ.